ಗೋಡೆಗೆ ಅಂಟಿಸಿದ ಮನೆತನಗಳು

ಇಂಗ್ಲಿಷಿನ ಕೆಲವು ಪದಗಳು ನನಗೆ ಇವತ್ತಿಗೂ ಮೊದಲು ಮೂಗಿಗೆ ಬರುತ್ತವೆ, ಆಮೇಲೆ ಕಣ್ಣಿಗೆ. ‘ಪ್ಯಾನ್’ ಎಂದು ಎಲ್ಲಾದರೂ ಬರೆದಿದ್ದರೆ ಸಾಸಿವೆ ಸಿಡಿದ ವಾಸನೆ, ‘ಹಾಟ್’ ಎಂದರೆ ಬಚ್ಚಲ ಒಲೆಯ ಹೊಗೆ, ‘ಟಿನ್’ ಎಂದರೆ ಉಗ್ರಾಣದ ಹಳೇ ಬೆಲ್ಲ ಮತ್ತು ಸೀಗೆಕಾಯಿ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಮೊನ್ನೆ ಮೊಮ್ಮಗಳು, ಹಾಗಾದರೆ ವೈಫೈಗೆ ಎಂತ ವಾಸನೆ ಅಜ್ಜಿ, ಎಂದು ಕೇಳಿದಳು. ಅದಕ್ಕೆ ನಮ್ಮ ಮನೆಯಲ್ಲಿ ಕೋಣೆ ಇರಲಿಲ್ಲ ಮಾರಾಯ್ತಿ, ಎಂದೆ. ತಮಾಷೆಗೆ ಹೇಳಿದ್ದಲ್ಲ. ನಾನು ಅಕ್ಷರ ಕಲಿತ ಮನೆಯಲ್ಲಿ ಪ್ರತಿ ಪದಕ್ಕೂ ಒಂದು ಕೋಣೆಯಿತ್ತು. ಕಣ್ಣು ಮುಚ್ಚಿದರೆ ಈಗಲೂ ಆ ಕೋಣೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬರಿಗಾಲಲ್ಲಿ ನಡೆಯುತ್ತೇನೆ. ನೆಲ ತಣ್ಣಗಿರುತ್ತದೆ. ಯಾರೂ ಕರೆಯುವುದಿಲ್ಲ, ಯಾರೂ ಬೈಯುವುದಿಲ್ಲ, ಗೋಡೆಯ ಮೇಲಿನ ಕಾಗದಗಳು ಮಾತ್ರ ಗಾಳಿಗೆ ಒಂದಿಷ್ಟು ಅಲುಗುತ್ತವೆ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಮೇಲಕ್ಕೆ ನಮ್ಮ ಕ್ವಾರ್ಟರ್ಸ್ ಇತ್ತು. ಅಪ್ಪ ಎಸ್ಟೇಟಿನಲ್ಲಿ ರೈಟರ್. ಬಯಲುಸೀಮೆಯ ನೆಂಟರು ಯಾವುದೋ ಕಾಲದಲ್ಲಿ ಅವರು ಕತೆ ಬರೆಯುತ್ತಾರೆಂದು ತಿಳಿದಿದ್ದರಂತೆ. ಅಪ್ಪ ಬರೆಯುತ್ತಿದ್ದುದು ಆಳುಗಳ ಹಾಜರಿ ಮತ್ತು ಗೊಬ್ಬರದ ಮೂಟೆಯ ಲೆಕ್ಕ. ಮನೆ ನಮ್ಮದಲ್ಲ, ಎಸ್ಟೇಟಿನದು. ಗೋಡೆಗೆ ಮೊಳೆ ಹೊಡೆಯಬೇಕೆಂದರೂ ಅಪ್ಪ ಒಂದು ಸಲ ಧಣಿಗಳ ಬಂಗಲೆಯ ಕಡೆ ತಿರುಗಿ ನೋಡುತ್ತಿದ್ದರು. ಜಗಲಿ, ನಡುಮನೆ, ಮಲಗುವ ಕೋಣೆ, ಅಡುಗೆಮನೆ, ಉಗ್ರಾಣ, ಕೊನೆಗೆ ಬಚ್ಚಲು, ಎಲ್ಲವೂ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಜಗಲಿಯಲ್ಲಿ ನಿಂತು ಕೂಗಿದರೆ ಬಚ್ಚಲಲ್ಲಿದ್ದವರಿಗೆ ಕೇಳುತ್ತಿತ್ತು, ಆದ್ದರಿಂದ ನಮ್ಮ ಮನೆಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ಮುಂದೆ ಕಾಫಿ ಒಣಗಿಸುವ ಕಣ. ಸುಗ್ಗಿಯ ಕಾಲದಲ್ಲಿ ಅಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಪಾರ್ಚ್‌ಮೆಂಟ್, ಹರಡಿರುತ್ತಿತ್ತು, ಕಾಲಿಟ್ಟರೆ ಅಪ್ಪನಿಂದ ಏಟು. ಬೇಸಗೆಯಲ್ಲಿ ಕಣ ಖಾಲಿ, ಆಗ ಅದು ನಮ್ಮ ರಾಜ್ಯ. ದೂರದಲ್ಲಿ ದೇವರಮನೆ ಬೆಟ್ಟಸಾಲಿನ ಹುಲ್ಲುಗುಡ್ಡ ಬೆಳಿಗ್ಗೆ ಇರುತ್ತಿತ್ತು, ಮಧ್ಯಾಹ್ನ ಮೋಡದಲ್ಲಿ ಕಾಣೆಯಾಗುತ್ತಿತ್ತು, ಸಂಜೆಗೆ ಮತ್ತೆ ಬಂದು ನಿಲ್ಲುತ್ತಿತ್ತು. ಗುಡ್ಡಗಳು ಊಟಕ್ಕೆ ಹೋಗುತ್ತವೆಂದು ನಾನು ನಂಬಿದ್ದೆ.

ಗಿರಿಜತ್ತೆ ನಮ್ಮ ಮನೆಗೆ ಬಂದಾಗ ನನಗೆ ಇನ್ನೂ ಹಾಲುಹಲ್ಲು. ಅಪ್ಪನ ಕೊನೆಯ ತಂಗಿ ಅವಳು. ಅಜ್ಜ ಅಜ್ಜಿ ತೀರಿಕೊಂಡ ಮೇಲೆ, ಪಿಯುಸಿ ಮುಗಿಸಿ, ಒಂದು ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಿದ್ದಳು. ನಿಂತುಕೊಂಡೇ ತಿನ್ನುತ್ತಿದ್ದಳು, ನಡೆಯುತ್ತಲೇ ತಲೆ ಬಾಚುತ್ತಿದ್ದಳು, ನಗಲು ಶುರುಮಾಡಿದರೆ ನೆಲದ ಮೇಲೆ ಕೂತುಬಿಡುತ್ತಿದ್ದಳು. ಅವಳ ತಲೆಯಲ್ಲಿ ಇದ್ದುದು ಒಂದೇ: ಚಿಕ್ಕಮಗಳೂರಿಗೆ ಹೋಗಿ ಹಾಸ್ಟೆಲಿನಲ್ಲಿದ್ದು ನರ್ಸರಿ ಟ್ರೈನಿಂಗ್ ಮಾಡಬೇಕು, ಸಣ್ಣ ಮಕ್ಕಳ ಟೀಚರ್ ಆಗಬೇಕು. ಅಪ್ಪನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ತಂಗಿಯನ್ನು ಕಂಡರೆ ಪ್ರೀತಿ ಇರಲಿಲ್ಲವೆಂದಲ್ಲ. ಪೇಟೆಗೆ ಹೋದರೆ ಅವಳ ಹಪ್ಪಳಕ್ಕೆ ಖಾರ ಸಾಲದೆಂದು ಮೆಣಸಿನ ಪುಡಿ ತರುತ್ತಿದ್ದ ಮನುಷ್ಯ. ಆದರೆ ನಗುವವರಿಂದ ಯಾರೂ ಏನೂ ಕಲಿಯಲಾರರು ಎಂಬುದು ಅವರ ಗಟ್ಟಿ ನಂಬಿಕೆ.

ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ತಲೆಗೆ ಇಂಗ್ಲಿಷ್ ಹತ್ತುತ್ತಿರಲಿಲ್ಲ. ಎಬಿಸಿಡಿಯನ್ನು ಹಾಡಿನ ಹಾಗೆ ಸರಾಗವಾಗಿ ಹೇಳುತ್ತಿದ್ದೆ, ಆದರೆ ಕೂಡಿಸಿ ಓದು ಎಂದರೆ ಕಲ್ಲು. ಸಂಜೆ ದೀಪ ಹಚ್ಚಿ, ಕೈ ಮುಗಿದು ಆದ ಮೇಲೆ ಅಪ್ಪ ನನ್ನನ್ನು ನಡುಮನೆಯ ಚಾಪೆಯ ಮೇಲೆ ಕೂರಿಸಿ ಪಾಠ ಹೇಳುತ್ತಿದ್ದರು. ಕೈಯಲ್ಲಿ ಮರದ ಸ್ಕೇಲು. ಸೀ, ಏ, ಟೀ ಸೇರಿದರೆ ‘ಕ್ಯಾಟ್’ ಎಂದು ಅವರು. ಸೀ, ಏ, ಟೀ ಸೇರಿದರೆ ‘ಸೀಯೇಟೀ’ ಆಗಬೇಕಲ್ಲ, ಬೆಕ್ಕು ಎಲ್ಲಿಂದ ಬಂತು ಎಂದು ನಾನು. ನನ್ನ ಪ್ರಶ್ನೆಯಲ್ಲಿ ಸ್ವಲ್ಪ ನ್ಯಾಯವಿತ್ತೆಂದು ಈಗಲೂ ಅನಿಸುತ್ತದೆ, ಆದರೆ ಸ್ಕೇಲಿಗೆ ನ್ಯಾಯ ಕಾಣುತ್ತಿರಲಿಲ್ಲ. ಪೇಟೆಯ ಇಂಗ್ಲಿಷ್ ಶಾಲೆಗೆ ನನ್ನನ್ನು ಸೇರಿಸಬೇಕೆಂದು ಅಪ್ಪನ ಆಸೆ. ಅಲ್ಲಿ ಸೀಟು ಕೊಡುವ ಮೊದಲು ಮಗುವನ್ನು ಕರೆಸಿ ಕಾರ್ಡು ತೋರಿಸಿ ಓದಿಸುತ್ತಿದ್ದರು. ಒಂದು ದಿನ ರಾತ್ರಿಯೂಟಕ್ಕೆ ಅಕ್ಕಿರೊಟ್ಟಿ, ಮಳೆಗಾಲದಲ್ಲಿ ಉಪ್ಪುನೀರಿಗೆ ಹಾಕಿಟ್ಟ ಕಳಲೆಯ ಪಲ್ಯ. ನಾನು ಆ ಸಂಜೆಯ ಅಳುವನ್ನು ಇನ್ನೂ ನುಂಗುತ್ತಿದ್ದೆ. ರೊಟ್ಟಿ ಬಡಿಸಲು ಬಂದ ಅತ್ತೆ ಬಡಿಸದೆ ಹಾಗೇ ನಿಂತಳು.

“ಅಣ್ಣ, ಇವಳಿಗೆ ನಾನು ಕಲಿಸ್ತೀನಿ.”

“ನಿನ್ನ ಹತ್ರ ಮಕ್ಕಳು ಕಲೀತಾವ? ನಗ್ತಾವೆ ಅಷ್ಟೆ.”

“ಕಲಿತ್ರೆ? ಇವಳಿಗೆ ಸೀಟು ಸಿಕ್ಕಿದ್ರೆ ನನ್ನನ್ನ ಟ್ರೈನಿಂಗಿಗೆ ಕಳಿಸ್ತೀಯಾ?”

ಅಪ್ಪ ಪಲ್ಯ ಕಲಸಿಕೊಂಡರು. ಅಮ್ಮ ಒಲೆಯ ಮುಂದೆ ಹಿಟ್ಟು ತಟ್ಟುವುದನ್ನು ನಿಲ್ಲಿಸಿದ್ದಳು.

“ಸಿಕ್ಕಿದ್ರೆ ಕಳಿಸ್ತೀನಿ. ಸಿಗ್ಲಿಲ್ಲ ಅಂದ್ರೆ ಮತ್ತೆ ಆ ಮಾತು ಈ ಮನೇಲಿ ಎತ್ಬಾರ್ದು. ರೊಟ್ಟಿ ಹಾಕು, ತಣ್ಣಗಾಯ್ತು.”

ಹೀಗೆ ಒಬ್ಬ ದೊಡ್ಡ ಹೆಂಗಸಿನ ಮುಂದಿನ ಜೀವನ ಹಾಲುಹಲ್ಲಿನ ಒಂದು ದಡ್ಡಿಯ ಬಾಯಿಗೆ ಬಂದು ಕೂತಿತು. ದಡ್ಡಿಗೆ ಅದು ಗೊತ್ತಾಗಲಿಲ್ಲ. ಟ್ರೈನಿಂಗ್ ಎಂದರೆ ರೈಲಿನಲ್ಲಿ ಒಂದು ಸುತ್ತು ಹೋಗಿ ಬರುವುದೆಂದು ತಿಳಿದು ಅವಳು ನೆಮ್ಮದಿಯಾಗಿ ಇನ್ನೊಂದು ರೊಟ್ಟಿ ತಿಂದಳು.

ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರು ಕೇಳುವುದಕ್ಕಿಂತ ಮೊದಲು ‘ಯಾವ ಮನೆಯವರು?’ ಎಂದು ಕೇಳುತ್ತಾರೆ. ಮನೆಯ ಹೆಸರು ಗೊತ್ತಾದರೆ ಸಾಕು, ಅಜ್ಜ ಯಾರು, ತೋಟ ಎಲ್ಲಿ, ಸಿಟ್ಟು ಎಷ್ಟು, ಎಲ್ಲ ಗೊತ್ತಾದಂತೆ. ಗಿರಿಜತ್ತೆ ಹಿಡಿದುಕೊಂಡಿದ್ದು ಇದನ್ನೇ. ಪದಗಳಿಗೂ ಮನೆತನವಿದೆ ಎಂದಳು. ಕ್ಯಾಟ್, ಮ್ಯಾಟ್, ಹ್ಯಾಟ್, ರ್ಯಾಟ್ ಇವರೆಲ್ಲ ‘ಆ್ಯಟ್’ ಮನೆಯವರು. ಬಾಲ ಎಲ್ಲರಿಗೂ ಒಂದೇ, ತಲೆ ಮಾತ್ರ ಬೇರೆ. ಒಂದು ಬಾಲ ಗುರುತು ಸಿಕ್ಕಿದರೆ ಇಡೀ ಮನೆಯ ಗುರುತು ಸಿಕ್ಕಿದ ಹಾಗೆ. ಸೀಯನ್ನು ‘ಸೀ’ ಎಂದು ಕರೆಯಬೇಡ, ಅದು ಅದರ ಹೆಸರು, ಅದರ ಕೂಗು ‘ಕ್’. ಮೇಕೆಯ ಹೆಸರು ಮೇಕೆ, ಆದರೆ ಅದು ಕೂಗುವುದು ‘ಮೇಕೆ’ ಅಂತಲಾ? ನನಗೆ ಥಟ್ಟನೆ ಅರ್ಥವಾಯಿತು. ಅಷ್ಟು ದಿನ ಅಪ್ಪ ನನಗೆ ಹೆಸರು ಕರೆಯಲು ಕಲಿಸುತ್ತಿದ್ದರು, ಕೂಗನ್ನು ಯಾರೂ ಕೇಳಿಸಿರಲಿಲ್ಲ.

ಅತ್ತೆ ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ, ಹಿಂದಿನ ಬಿಳಿ ಮೈಯ ಮೇಲೆ ದಪ್ಪ ಅಕ್ಷರದಲ್ಲಿ ಪದ ಬರೆದು, ಅನ್ನದ ಅಂಟು ಹಚ್ಚಿ ಗೋಡೆಗೆಲ್ಲ ಅಂಟಿಸಿದಳು. ಅಡುಗೆಮನೆಗೆ ‘ಆ್ಯನ್’ ಮನೆಯವರು: ಪ್ಯಾನ್, ಕ್ಯಾನ್. ಉಗ್ರಾಣಕ್ಕೆ ಟಿನ್, ಬಿನ್, ಪಿನ್. ಬಚ್ಚಲಿಗೆ ಹಾಟ್, ಪಾಟ್. ನಡುಮನೆಯಲ್ಲಿ ಅಪ್ಪನ ಹ್ಯಾಟು ನೇತುಹಾಕುವ ಗೂಟದ ಕೆಳಗೆ ಹ್ಯಾಟ್, ಚಾಪೆಯ ಪಕ್ಕ ಮ್ಯಾಟ್. ಜಗಲಿಯಲ್ಲಿ ಬೆಲ್, ಅಲ್ಲಿಂದ ಬಾವಿ ಕಾಣುತ್ತದೆಂದು ಅದರ ಪಕ್ಕ ವೆಲ್. ಬೆಳಿಗ್ಗೆ ಎದ್ದ ಕೂಡಲೇ ಅವಳು ನನ್ನ ಕೈ ಹಿಡಿದು ಬಚ್ಚಲಿಂದ ಜಗಲಿಯ ತನಕ ನೆಂಟರ ಮನೆಗೆ ಕರೆದೊಯ್ಯುವವಳಂತೆ ಕರೆದೊಯ್ಯುತ್ತಿದ್ದಳು. ಪ್ರತಿ ಕಾಗದದ ಮುಂದೆ ನಿಂತು, ನೀ ಯಾವ ಮನೆಯೋಳೇ, ಎಂದು ಅವಳು ಪದವನ್ನು ಕೇಳಬೇಕು, ಪದದ ಪರವಾಗಿ ನಾನು ಉತ್ತರ ಹೇಳಬೇಕು. ಆ ವರ್ಷ ಹೂಮಳೆ ಸರಿಯಾದ ಹೊತ್ತಿಗೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿತ್ತು. ಕಾಫಿ ಹೂವಿನ ವಾಸನೆ ಕಿಟಕಿಯಿಂದ ಒಳಗೆ ಬಂದು ಕೋಣೆ ಕೋಣೆಯಲ್ಲೂ ನಿಂತಿರುತ್ತಿತ್ತು, ಜೇನುನೊಣಗಳ ಸದ್ದು ಇಡೀ ದಿನ. ಅರ್ಧ ನಿದ್ದೆಯಲ್ಲಿ, ಅತ್ತೆಯ ಬಳೆಯ ಸದ್ದಿನ ಹಿಂದೆ, ಬಿಳಿ ಕಾಗದಗಳ ನಡುವೆ ನಡೆದ ಆ ಬೆಳಗುಗಳನ್ನು ನಾನು ನಿಜವಾಗಿ ಕಂಡೆನೋ, ಕನಸಿನಲ್ಲಿ ಕಂಡೆನೋ ಎಂಬ ಅನುಮಾನ ಈಗೀಗ ಬರುತ್ತದೆ. ನನ್ನ ಬದುಕಿನಲ್ಲಿ ಅದಕ್ಕಿಂತ ಸುಖವಾದ ಪಾಠ ಮತ್ತೆ ಸಿಗಲಿಲ್ಲ.

ಅಮ್ಮನಿಗೆ ಮಾತ್ರ ಇದು ತಲೆನೋವು. ಅನ್ನದ ಅಂಟಿಗೆ ಇರುವೆ ಬಂದವು, ಇರುವೆಯ ಹಿಂದೆ ಹಲ್ಲಿ ಬಂದವು.

“ಗಿರಿಜಾ, ನಿನ್ನ ಪ್ಯಾನು ನನ್ನ ಸಕ್ಕರೆ ಡಬ್ಬಿಗೆ ಇರುವೆ ಕರ್ಕೊಂಡು ಬಂತು ನೋಡು.”

“ನೆಂಟರು ಬಂದ್ರೆ ಜೊತೆಗೆ ನಾಲ್ಕು ಜನ ಬರೋದೇ ಅಲ್ವಾ ಅತ್ತಿಗೆ?”

“ಬಂದೋರು ಹೋಗ್ಬೇಕು ಕೂಡ!”

ಹೀಗೆ ಬೈದರೂ ಅಮ್ಮ ಒಂದು ಕಾಗದವನ್ನೂ ಕೀಳಲಿಲ್ಲ. ಗೋಡೆ ಸಾರಿಸುವಾಗ ಅದರ ಸುತ್ತ ಬಿಟ್ಟು ಸಾರಿಸುತ್ತಿದ್ದಳು. ಸೀಟು ಕೇಳಲು ಹೋಗುವ ದಿನ ಹತ್ತಿರ ಬರುವಷ್ಟರಲ್ಲಿ ನಾನು ಮನೆಯ ಎಲ್ಲ ಪದಗಳನ್ನೂ ನೀರು ಕುಡಿದಂತೆ ಹೇಳುತ್ತಿದ್ದೆ. ಅಪ್ಪ ಒಂದು ಸಂಜೆ ಕೋಣೆ ಕೋಣೆಗೆ ಬಂದು ಪರೀಕ್ಷೆ ಮಾಡಿ, ಏನೂ ಹೇಳದೆ ಜಗಲಿಗೆ ಹೋಗಿ ಎಲೆಯಡಿಕೆ ಹಾಕಿಕೊಂಡರು. ಅವರು ಏನೂ ಹೇಳಲಿಲ್ಲವೆಂದರೆ ಸೋತರೆಂದೇ ಅರ್ಥ. ಅತ್ತೆ ನನ್ನನ್ನು ಎತ್ತಿಕೊಂಡು ಕಣದ ತುಂಬ ಕುಣಿದಳು.

ಶಾಲೆಗೆ ಅಪ್ಪ, ಅಮ್ಮ, ನಾನು ಬಸ್ಸಿನಲ್ಲಿ ಹೋದೆವು. ಹೆಡ್‌ಮಿಸ್ಟ್ರೆಸ್ ಕೋಣೆ ದೊಡ್ಡದು, ಗೋಡೆಗಳಿಗೆ ಬರೀ ತಿಳಿನೀಲಿ ಬಣ್ಣ. ಮೃದುವಾದ ಹೆಂಗಸು, ನನ್ನನ್ನು ಹತ್ತಿರ ಕರೆದು ಒಂದು ಕಾರ್ಡು ಹಿಡಿದರು. ನಾನು ಕಾರ್ಡು ನೋಡಿದೆ. ಆಮೇಲೆ ಗೋಡೆ ನೋಡಿದೆ. ಒಲೆ ಇಲ್ಲ, ಗೂಟ ಇಲ್ಲ, ಹಂಡೆ ಇಲ್ಲ.

“ಓದಮ್ಮ, ಹೆದರ್ಬೇಡ.”

“ಇದು ಯಾವ ಕೋಣೆ ಮಿಸ್?”

“ಇದು ಆಫೀಸ್ ರೂಮ್ ಮಗೂ.”

ಆಫೀಸ್ ರೂಮಿಗೆ ಅತ್ತೆ ಯಾವ ಪದವನ್ನೂ ಕೊಟ್ಟಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅವರು ಇನ್ನೊಂದು ಕಾರ್ಡು, ಮತ್ತೊಂದು ಕಾರ್ಡು ತೋರಿಸಿದರು. ಅಪ್ಪನ ಮಂಡಿಯ ಮೇಲೆ ಹ್ಯಾಟು ಗರಗರ ತಿರುಗುತ್ತಿತ್ತು. ಮಗು ಬೆದರಿದೆ, ಶಾಲೆ ತೆರೆಯುವ ಮುಂಚೆ ಇನ್ನೊಂದು ಸಲ ಕರೆತನ್ನಿ, ಎಂದು ಆ ಹೆಂಗಸು ಹೇಳಿದರು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿ ಕೂತವರು ನಮ್ಮ ಸ್ಟಾಪು ಬರುವ ತನಕ ಈಚೆ ತಿರುಗಲಿಲ್ಲ. ಮನೆಗೆ ಬಂದು, ಓಡಿ ಬಂದ ಅತ್ತೆಗೆ, ನೋಡಿದೆಯಲ್ಲ ಗಿರಿಜಾ, ಎಂದಷ್ಟೇ ಹೇಳಿದರು. ಅವಳ ಮುಖ ಒಣಗಿಹೋಯಿತು. ಆಗ ಅಮ್ಮ ಸೀರೆಯನ್ನೂ ಬದಲಾಯಿಸದೆ ಮಧ್ಯೆ ಬಂದಳು.

“ಹಲಸಿನ ಹಪ್ಪಳ ಒಂದೇ ಬಿಸಿಲಿಗೆ ಒಣಗುತ್ತಾ? ಇನ್ನೊಂದ್ಸಲ ಬನ್ನಿ ಅಂದಿದ್ದಾರಲ್ಲ. ಅಲ್ಲಿವರೆಗೆ ನೀವು ಸುಮ್ನಿರಿ.”

ಅಪ್ಪ ಹ್ಯಾಟನ್ನು ಗೂಟಕ್ಕೆ ನೇತುಹಾಕಿದರು. ಅಮ್ಮ ಅವರಿಗೆ ‘ಸುಮ್ನಿರಿ’ ಎಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಬಹಳ ಹೊತ್ತು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ‘ಪ್ಯಾನ್’ ಕಾಗದವನ್ನು ಮೆಲ್ಲಗೆ ಕಿತ್ತು ತಂದು, ಜಗಲಿಯ ಗೋಡೆಗೆ ಒತ್ತಿ ಹಿಡಿದು, ಇದೇನು ಹೇಳು, ಎಂದಳು. ನಾನು ಧೈರ್ಯವಾಗಿ ‘ಬೆಲ್’ ಎಂದೆ. ಬಾಗಿಲ ಪಕ್ಕ, ನನ್ನ ಮೂಗಿನ ಎತ್ತರಕ್ಕೆ ಇರುವುದು ಬೆಲ್ ತಾನೆ? ಅವಳು ಅದನ್ನೇ ಬಚ್ಚಲಿಗೆ ಒಯ್ದಳು. ‘ಹಾಟ್’ ಎಂದೆ. ಅತ್ತೆ ಹಂಡೆಯ ಪಕ್ಕ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನೀರು ಪೂರ್ತಿ ನಗುವಿನದಾಗಿರಲಿಲ್ಲ.

“ಅಯ್ಯೋ ದೇವ್ರೇ! ನೀ ಓದ್ತಾನೇ ಇರ್ಲಿಲ್ವಲ್ಲೇ ಪುಟ್ಟಿ. ಇಷ್ಟು ದಿನ ಗೋಡೆ ನೋಡ್ತಿದ್ದೆ!”

ಅವಳೇ ಮಾಡಿಕೊಟ್ಟ ತಪ್ಪು ಅದು. ಮನೆ ಎಂದಳು, ಕೋಣೆ ಕೊಟ್ಟಳು, ನಾನು ಪದದ ಬದಲು ಕೋಣೆಯನ್ನು ಬಾಯಿಪಾಠ ಮಾಡಿದ್ದೆ. ಮರುದಿನ ಅವಳು ಎಲ್ಲ ಕಾಗದಗಳನ್ನೂ ಬಿಚ್ಚಿ ಮೊರಕ್ಕೆ ಹಾಕಿ ಅಕ್ಕಿ ಕೇರಿದಂತೆ ಕೇರಿದಳು. ನನಗೆ ಅಳುವೇ ಬಂತು, ಇಡೀ ಊರನ್ನೇ ಗುಳೆ ಎಬ್ಬಿಸಿದ ಹಾಗೆ. ಗೋಡೆಗಳಲ್ಲಿ ಅಂಟಿನ ಚೌಕಗಳು ಮಾತ್ರ ಉಳಿದಿದ್ದವು.

“ಪ್ಯಾನು ಮದುವೆಯಾಗಿ ಬಚ್ಚಲಮನೆಗೆ ಹೋದ್ಲು ಅಂತ ಇಟ್ಕೋ. ಗಂಡನ ಮನೆಗೆ ಹೋದ್ರೆ ಹುಡುಗಿ ಮುಖ ಬದಲಾಗುತ್ತಾ?”

“ಇಲ್ಲ.”

“ಮತ್ತೆ ಮುಖ ನೋಡು. ಅವಳು ಎಲ್ಲಿ ನಿಂತಿದ್ದಾಳೆ ಅಂತ ನೋಡ್ಬೇಡ.”

ಆಮೇಲೆ ನಮ್ಮ ತಿರುಗಾಟ ಶುರುವಾಯಿತು. ಮೊರದಿಂದ ಒಂದು ಹಿಡಿ ಕಾಗದ ಸೆರಗಿನಲ್ಲಿ ಕಟ್ಟಿಕೊಂಡು ಅತ್ತೆ ನನ್ನನ್ನು ಕಣಕ್ಕೆ, ಬಾವಿಕಟ್ಟೆಗೆ, ತೋಟದ ನೆರಳಿಗೆ ಒಯ್ದಳು. ಪದದ ಬಾಲದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ತಲೆಯ ಕೂಗು ಕೇಳುವುದು, ಆಮೇಲೆ ಬೆರಳು ತೆಗೆದು ಬಾಲವನ್ನು ಸೇರಿಸುವುದು. ಮೊದಲ ಕೆಲವು ದಿನ ನನಗೆ ಒಂದು ಪದವೂ ಬರಲಿಲ್ಲ. ಹೂವು ಉದುರಿ ಹೋಗಿತ್ತು, ಗಿಡದ ಬುಡವೆಲ್ಲ ಕಂದು. ಅತ್ತೆ ಸುಸ್ತಾಗಿ ನಗುವುದನ್ನೂ ನಿಲ್ಲಿಸಿದ್ದಳು. ಒಂದು ಮಧ್ಯಾಹ್ನ ಕೆಳಗೆ ರಸ್ತೆಯ ಪಕ್ಕದ ಇಬ್ರಾಹಿಂ ಸಾಬರ ಶೆಡ್ಡಿಗೆ ಹೋದೆವು. ಎಸ್ಟೇಟಿನ ಜೀಪುಗಳನ್ನೆಲ್ಲ ಅವರೇ ರಿಪೇರಿ ಮಾಡುತ್ತಿದ್ದರು. ಎಣ್ಣೆಯ ಡಬ್ಬಕ್ಕೆ ‘ಕ್ಯಾನ್’ ಕಾಗದ ಆನಿಸಿದಾಗ ನಾನು ‘ಕ್ಯಾನ್’ ಎಂದೆ, ಆದರೆ ಡಬ್ಬ ನೋಡಿಕೊಂಡು, ಅನುಮಾನದಿಂದ. ಸಾಬರು ಜೀಪಿನ ಅಡಿಯಿಂದ ತಲೆ ಹೊರಗೆ ಹಾಕಿದರು.

“ಟೀಚರಮ್ಮ, ಪಕ್ಕದ ಈ ಗಾಡಿ ಯಾವ ಮನೇದು? ಇದನ್ನೂ ಕೇಳಿ ಮಗೀಗೆ.”

ಜೀಪಿನ ಪಕ್ಕ ಯಾರದೋ ಹಳೇ ವ್ಯಾನು ನಿಂತಿತ್ತು. ಅತ್ತೆ ಸೀಮೆಸುಣ್ಣ ತೆಗೆದು ಅದರ ಧೂಳು ಹಿಡಿದ ಬಾಗಿಲ ಮೇಲೆ ಬರೆದಳು. ಅವಳು ಬರೆದ ಪದ ನಮ್ಮ ಯಾವ ಗೋಡೆಯಲ್ಲೂ ಇರಲಿಲ್ಲ. ನಾನು ಅದರ ಮುಂದೆ ಹೋಗಿ ನಿಂತೆ. ಬಾಲ ಮುಚ್ಚಿದೆ. ‘ವ್’. ಬೆರಳು ತೆಗೆದೆ. ‘ಆ್ಯನ್’, ಅಡುಗೆಮನೆಯವರ ಬಾಲ. ಬಾಯಿಯಲ್ಲಿ ಎರಡೂ ಒಂದಕ್ಕೊಂದು ತಾಗಿ, ಯಾರೂ ಹೇಳಿಕೊಡದ ಒಂದು ಪದ ನನ್ನೊಳಗಿಂದಲೇ ಎದ್ದು ಬಂತು. ವ್ಯಾನ್! ನಾನು ಜೀವನದಲ್ಲಿ ಮೊದಲ ಸಲ ಓದಿದೆ. ಇಬ್ರಾಹಿಂ ಸಾಬರು ಮಲಗಿದ್ದಲ್ಲೇ ಸ್ಪ್ಯಾನರಿನಿಂದ ಕಬ್ಬಿಣ ಬಡಿದು ಸದ್ದು ಮಾಡಿದರು. ಅತ್ತೆ ನಗಲಿಲ್ಲ. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು ಹಾಗೇ ನಿಂತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು, ನೋವಾಗುವಷ್ಟು.

ಆಮೇಲೆ ನನ್ನನ್ನು ತಡೆಯುವವರಿರಲಿಲ್ಲ. ಕಂಡದ್ದನ್ನೆಲ್ಲ ಓದುತ್ತಿದ್ದೆ, ಅರ್ಧ ತಪ್ಪು, ಅರ್ಧ ಸರಿ. ಮತ್ತೆ ಶಾಲೆಗೆ ಹೋಗುವ ಹಿಂದಿನ ಸಂಜೆ ಮಲಗುವ ಕೋಣೆಗೆ ಹೋದರೆ ಅತ್ತೆಯ ಟ್ರಂಕು ಅಟ್ಟದಿಂದ ಕೆಳಗಿಳಿದಿತ್ತು. ಅಮ್ಮ ಅವಳ ಸೀರೆಗೆ ಫಾಲ್ ಹಚ್ಚುತ್ತಿದ್ದಳು.

“ಅತ್ತೆ ಎಲ್ಲಿಗೆ ಹೋಗ್ತಾಳಮ್ಮ?”

“ನಾಳೆ ನೀನು ಓದಿದ್ರೆ ಚಿಕ್ಕಮಗಳೂರಿಗೆ. ಟ್ರೈನಿಂಗಿಗೆ.”

“ಯಾವಾಗ ಬರ್ತಾಳೆ?”

ಅಮ್ಮ ಹಲ್ಲಿನಲ್ಲಿ ದಾರ ಕಡಿದಳು. ರಜಕ್ಕೆ ಬರುತ್ತಾಳೆ, ಆಮೇಲೆ ಯಾವ ಊರಲ್ಲಿ ಕೆಲಸ ಸಿಗುತ್ತದೋ ಅಲ್ಲಿಗೆ, ಎಂದಳು. ನಾನು ಅತ್ತೆಯನ್ನು ಹುಡುಕಿಕೊಂಡು ಕಣಕ್ಕೆ ಓಡಿದೆ. ಅವಳು ಗುಡ್ಡದ ಕಡೆ ನೋಡುತ್ತ ಕೂತಿದ್ದಳು, ಗುಡ್ಡ ಆಗಷ್ಟೇ ಮರಳಿ ಬಂದಿತ್ತು. ನಾನು ಓದದಿದ್ದರೆ ನೀನು ಹೋಗುವುದಿಲ್ಲ ಅಲ್ಲವಾ, ಎಂದು ಕೇಳಿದೆ. ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಹೌದು ಪುಟ್ಟಿ. ಹೋಗಲ್ಲ.”

“ಇಲ್ಲೇ ಇರ್ತೀಯಾ?”

“ಇಲ್ಲೇ ಇರ್ತೀನಿ. ಆದ್ರೆ ನಂಗೆ ಹೋಗ್ಬೇಕು ಅಂತ ತುಂಬಾ ಆಸೆ ಕಣೇ.” ಸ್ವಲ್ಪ ತಡೆದು, “ನಿನ್ನ ಬಿಟ್ಟು ಹೋಗೋಕೆ ಸಂಕಟ ಆಗುತ್ತೆ, ಅದೂ ನಿಜ,” ಎಂದಳು.

ಓದು ಎನ್ನಲಿಲ್ಲ, ಓದಬೇಡ ಎನ್ನಲಿಲ್ಲ. ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಹೇನು ನೋಡತೊಡಗಿದಳು.

ಈ ಸಲ ಅಪ್ಪನ ಜೊತೆ ಅತ್ತೆಯೂ ಬಂದಳು. ಒಳಗೆ ಅಪ್ಪ ಮತ್ತು ನಾನು. ಅತ್ತೆ ವರಾಂಡದ ಬೆಂಚಿನ ಮೇಲೆ ಉಳಿದಳು. ತೆರೆದ ಕಿಟಕಿಯಿಂದ ಅವಳ ಬೆನ್ನು, ಜಡೆ, ಒಂದು ಕೈ ಕಾಣುತ್ತಿತ್ತು. ಆ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಹೆಡ್‌ಮಿಸ್ಟ್ರೆಸ್ ಮೊದಲ ಕಾರ್ಡು ಹಿಡಿದರು. ಅಕ್ಷರಗಳು ನನಗಾಗಿ ಕಾಯುತ್ತಿದ್ದವು, ತಲೆ ಒಂದು ಕಡೆ, ಬಾಲ ಒಂದು ಕಡೆ. ಬಾಯಿ ತೆರೆಯದಿದ್ದರೆ ಅತ್ತೆ ನಾಳೆ ಬೆಳಿಗ್ಗೆಯೂ ನನ್ನ ಕೈ ಹಿಡಿಯುತ್ತಾಳೆ. ನಾನು ಕಿಟಕಿಯ ಕಡೆ ನೋಡಿದೆ. ಅವಳು ತಿರುಗಿ ನೋಡಲಿಲ್ಲ, ಅವಳ ಕೈ ಮಾತ್ರ ನಿಂತುಬಿಟ್ಟಿತ್ತು. ನಾನು ಓದಿದೆ. ಎರಡನೆಯದನ್ನೂ ಓದಿದೆ, ಅದರ ನಂತರದ್ದನ್ನೂ. ಅಪ್ಪ ಹ್ಯಾಟು ತಿರುಗಿಸುವುದನ್ನು ಮರೆತು ಮುಂದಕ್ಕೆ ಬಾಗಿದ್ದರು. ಕೊನೆಯ ಕಾರ್ಡು ಬರುವಷ್ಟರಲ್ಲಿ ನನ್ನ ಕಣ್ಣು ತುಂಬಿ, ಅಕ್ಷರ ಕದಡಿ, ಮೂಗಿನಿಂದ ನೀರು ಸುರಿಯುತ್ತಿತ್ತು.

“ಯಾಕಮ್ಮ ಅಳ್ತೀಯ? ಇದು ಬರಲ್ವಾ?”

“ಬರುತ್ತೆ ಮಿಸ್,” ಎಂದೆ. “ಬರುತ್ತೆ, ಅದಕ್ಕೇ.”

ಲಂಗದ ಅಂಚಿನಿಂದ ಕಣ್ಣು ಒರೆಸಿಕೊಂಡು ಆ ಪದವನ್ನೂ ಓದಿದೆ, ಹೊರಗೆ ಬೆಂಚಿನ ಮೇಲೆ ಕೂತವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ.